ಕ್ಲೌಡ್‌ನಲ್ಲಿರುವ ಡಿಸ್ಕು ನಿಜಕ್ಕೂ ಎಲ್ಲಿದೆ? ಸ್ಟೋರೇಜ್ ಅರೇ ಮತ್ತು ಡ್ರೈವರ್‌ಗಳ ಒಂದು ಪರಿಚಯ

ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪ ಬಂಜಾರ ಸಮುದಾಯದವರಿಗೆ ಪುಣ್ಯಕ್ಷೇತ್ರ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದ್ದು ಇಲ್ಲಿಯೇ ಎಂಬುದು ನಂಬಿಕೆ. ಪ್ರತಿ ಫೆಬ್ರವರಿಯಲ್ಲೂ ಜಯಂತಿಗೆಂದು ಹಲವು ರಾಜ್ಯಗಳಿಂದ ಜನ ಬರುತ್ತಾರೆ. ಬಂದವರು ತೆಗೆದ ಫೋಟೋಗಳು ಮೊಬೈಲಿನಿಂದ ಕ್ಲೌಡ್ ಸೇರುತ್ತವೆ. ಇದೇ ಊರಿನ ರೈತರೊಬ್ಬರು ಬೆಳೆಸಾಲಕ್ಕಾಗಿ ಪಹಣಿ ತೆಗೆಸಲು ಹೋದರೆ ಅದೂ ಎಲ್ಲೋ ದೂರದ ಕಂಪ್ಯೂಟರಿನಿಂದ ಬಂದು ಇಲ್ಲಿ ಮುದ್ರಣವಾಗುತ್ತದೆ. ಎಲ್ಲಿದೆ ಈ ಮಾಹಿತಿ ಎಂದು ಕೇಳಿದರೆ ಎರಡಕ್ಕೂ ಸಿಗುವ ಉತ್ತರ ಒಂದೇ: "ಕ್ಲೌಡ್‌ನಲ್ಲಿ". ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: "ಕ್ಲೌಡ್‌ನಲ್ಲಿದ್ದ ಮೇಲೆ ಎಲ್ಲೂ ಹೋಗಲ್ಲ ಬಿಡಿ".

ಈ ಎರಡನೇ ಮಾತು ಎಷ್ಟು ನಿಜ? ಉತ್ತರ ಹುಡುಕಲು ಕ್ಲೌಡ್‌ನ ಒಳಗೆ ಸ್ವಲ್ಪ ಇಣುಕಬೇಕು. ಅಲ್ಲಿ ಕಾಣುವುದು ಮೋಡವಲ್ಲ. ಕಬ್ಬಿಣದ ಕಪಾಟುಗಳು, ಅವುಗಳ ತುಂಬ ಡಿಸ್ಕುಗಳು, ಮತ್ತು ಆ ಡಿಸ್ಕುಗಳನ್ನು ಕ್ಲೌಡ್ ತಂತ್ರಾಂಶಕ್ಕೆ ಪರಿಚಯಿಸುವ ಕೆಲವೇ ಸಾಲುಗಳ ಒಂದು ಕಡತ. ಮಾಹಿತಿಯ ಸುರಕ್ಷತೆ ಬಹುಮಟ್ಟಿಗೆ ನಿಂತಿರುವುದು ಆ ಸಾಲುಗಳನ್ನು ಎಷ್ಟು ಎಚ್ಚರದಿಂದ ಬರೆದಿದ್ದಾರೆ ಎನ್ನುವುದರ ಮೇಲೆ.

ಫೋಟೋಗೆ ಒಂದು ಬಗೆ, ಪಹಣಿಗೆ ಇನ್ನೊಂದು ಬಗೆ

ಕ್ಲೌಡ್‌ನಲ್ಲಿ ಮಾಹಿತಿ ಇಡುವ ಮುಖ್ಯ ಕ್ರಮಗಳು ಮೂರು. ಮೊದಲನೆಯದು ಕಡತ ಸಂಗ್ರಹ, ಅಂದರೆ ಫೈಲ್ ಸ್ಟೋರೇಜ್. ಕಚೇರಿಯ ಹಲವರು ಒಂದೇ ಫೋಲ್ಡರನ್ನು ಹಂಚಿಕೊಂಡು ಬಳಸುವುದು ಇದರಿಂದ. ಎರಡನೆಯದು ಆಬ್ಜೆಕ್ಟ್ ಸ್ಟೋರೇಜ್. ನಮ್ಮ ಫೋಟೋ, ವೀಡಿಯೋಗಳು ಹೋಗುವುದು ಸಾಮಾನ್ಯವಾಗಿ ಇಂಥ ಕಡೆಗೆ. ಇಲ್ಲಿ ಪ್ರತಿ ಫೋಟೋ ಒಂದು ಇಡಿಯಾದ ವಸ್ತು. ಇಡುವಾಗ ಇಡಿಯಾಗಿ ಇಡಬೇಕು, ಬದಲಿಸುವಾಗಲೂ ಇಡಿಯಾಗಿಯೇ ಬದಲಿಸಬೇಕು.

ಪಹಣಿಯಂಥ ದಾಖಲೆಗಳ ಕತೆ ಬೇರೆ. ಕರ್ನಾಟಕದ ಕಂದಾಯ ಇಲಾಖೆ 'ಭೂಮಿ' ಯೋಜನೆಯಡಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಅದರಲ್ಲಿ ಸೇರಿದವು. ತಂತ್ರಾಂಶ ರಾಷ್ಟ್ರೀಯ ಮಾಹಿತಿ ಕೇಂದ್ರದ್ದು. ಒಬ್ಬರು ಜಮೀನು ಮಾರಿದಾಗ ಇಷ್ಟು ದೊಡ್ಡ ರಾಶಿಯಲ್ಲಿ ಬದಲಾಗಬೇಕಾದದ್ದು ಒಂದು ಸರ್ವೆ ನಂಬರಿನ ಎದುರಿಗಿರುವ ಒಂದು ಹೆಸರು ಮಾತ್ರ. ಅದಕ್ಕಾಗಿ ಇಡೀ ರಾಶಿಯನ್ನು ಮತ್ತೆ ಬರೆಯಲಾಗದು. ಬೇಕಾದ ಜಾಗಕ್ಕೆ ನೇರವಾಗಿ ಹೋಗಿ, ಅಷ್ಟನ್ನೇ ತಿದ್ದಿ ಬರಬೇಕು. ದತ್ತಸಂಚಯಗಳಿಗೆ, ಅಂದರೆ ಡೇಟಾಬೇಸುಗಳಿಗೆ, ಬೇಕಾದ ಈ ಸೌಲಭ್ಯ ಕೊಡುವುದೇ ಮೂರನೆಯ ಕ್ರಮ: ಬ್ಲಾಕ್ ಸ್ಟೋರೇಜ್.

ಹಿಂದೆ ಬಂಜಾರರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರಿಂದೂರಿಗೆ ಸಾಗಿಸುತ್ತಿದ್ದರು. ಸರಕು ಯಾವುದೇ ಇರಲಿ, ಅದನ್ನು ಎತ್ತು ಹೊರಬಲ್ಲ ಗೋಣಿಗಳಿಗೆ ಅಳೆದು ತುಂಬಬೇಕಿತ್ತು. ಬ್ಲಾಕ್ ಎಂದರೆ ಅಂಥದ್ದೇ ಗೋಣಿ. ಡಿಸ್ಕಿನ ಜಾಗವನ್ನೆಲ್ಲ 512 ಬೈಟ್ ಅಥವಾ 4,096 ಬೈಟ್‌ಗಳ ಸಮಾನ ತುಂಡುಗಳಾಗಿ ಮಾಡಿ ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಡಲಾಗುತ್ತದೆ. ಒಳಗಿರುವುದು ಪಹಣಿಯೋ ಪದ್ಯವೋ ಡಿಸ್ಕಿಗೆ ಗೊತ್ತಿಲ್ಲ. 'ಇಷ್ಟನೇ ಸಂಖ್ಯೆಯ ತುಂಡು ಕೊಡು', 'ಇಷ್ಟನೇ ತುಂಡಿನಲ್ಲಿ ಇದನ್ನು ಬರೆ' ಎಂಬ ಎರಡೇ ಮಾತು ಅದಕ್ಕೆ ಅರ್ಥವಾಗುತ್ತದೆ.

ಅರೇ ಎಂದರೇನು?

ಒಂದೇ ಡಿಸ್ಕನ್ನು ನಂಬಿ ಕೂರುವಂತಿಲ್ಲ, ಏಕೆಂದರೆ ಯಾವ ಡಿಸ್ಕಾದರೂ ಒಂದು ದಿನ ಕೆಡುತ್ತದೆ. ಆದ್ದರಿಂದ ದತ್ತಾಂಶ ಕೇಂದ್ರಗಳಲ್ಲಿ ಹತ್ತಾರು ಡಿಸ್ಕುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ, ಅವುಗಳ ಮೇಲ್ವಿಚಾರಣೆಗೆ ಸಾಮಾನ್ಯವಾಗಿ ಎರಡು ನಿಯಂತ್ರಕಗಳನ್ನು ಇಡುತ್ತಾರೆ. ಇದೇ ಸ್ಟೋರೇಜ್ ಅರೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ 1988ರಲ್ಲಿ ಮಂಡಿಸಿದ 'ರೇಡ್' ಎಂಬ ವಿಚಾರ ಇಂಥ ಪೆಟ್ಟಿಗೆಗಳಿಗೆ ತಳಹದಿಯಾಯಿತು.

ಡಿಸ್ಕು ಕೆಟ್ಟರೂ ಮಾಹಿತಿ ಉಳಿಯುವುದು ಹೇಗೆ? ಮೂರು ಡಿಸ್ಕುಗಳಲ್ಲಿ ಕ್ರಮವಾಗಿ 1, 0, 1 ಎಂಬ ಅಂಕೆಗಳಿವೆ ಎಂದುಕೊಳ್ಳೋಣ. ನಾಲ್ಕನೇ ಡಿಸ್ಕಿನಲ್ಲಿ ಇನ್ನೊಂದು ಅಂಕೆ ಇಡುತ್ತೇವೆ. ಒಟ್ಟು ಒಂದುಗಳ ಸಂಖ್ಯೆ ಸಮಸಂಖ್ಯೆ ಆಗಿರಬೇಕು ಎನ್ನುವುದು ನಿಯಮ. ಈಗಾಗಲೇ ಎರಡು ಒಂದುಗಳಿರುವುದರಿಂದ ನಾಲ್ಕನೆಯದರಲ್ಲಿ 0 ಬರೆಯುತ್ತೇವೆ. ನಾಳೆ ಎರಡನೇ ಡಿಸ್ಕು ಕೆಟ್ಟರೆ ಉಳಿದದ್ದು 1, 1, 0. ಒಂದುಗಳು ಎರಡೇ ಇರುವುದರಿಂದ ಕಳೆದುಹೋದದ್ದು 0 ಎಂದು ಲೆಕ್ಕ ಹಾಕಿ ಹೇಳಬಹುದು. ಈ ಹೆಚ್ಚುವರಿ ಅಂಕೆಗೆ ಪ್ಯಾರಿಟಿ ಎಂದು ಹೆಸರು. ರೇಡ್ 5 ಎಂಬ ಏರ್ಪಾಡು ಒಂದು ಡಿಸ್ಕು ಕೆಟ್ಟರೆ ತಾಳುತ್ತದೆ, ರೇಡ್ 6 ಎರಡು ಕೆಟ್ಟರೂ ತಾಳುತ್ತದೆ. ಇದಕ್ಕೆ ತೆರುವ ಬೆಲೆ ಜಾಗ: ತಲಾ 10 ಟೆರಾಬೈಟ್‌ನ 8 ಡಿಸ್ಕುಗಳ ರೇಡ್ 6 ಗುಂಪಿನಲ್ಲಿ ಬಳಕೆಗೆ ಸಿಗುವುದು 80 ಅಲ್ಲ, 60 ಟೆರಾಬೈಟ್.

ಬಳಸುವವರು ಕೇಳಿದಂತೆ ಅರೇ ತನ್ನ ಒಟ್ಟು ಜಾಗದಿಂದ ಒಂದು ಪಾಲನ್ನು ಕತ್ತರಿಸಿ ಕೊಡುತ್ತದೆ. ಆ ಪಾಲಿಗೆ ಲನ್ ಅಥವಾ ವಾಲ್ಯೂಮ್ ಎನ್ನುತ್ತಾರೆ. ಪಡೆದ ಕಂಪ್ಯೂಟರಿಗೆ ಅದು ತನ್ನೊಳಗೇ ಇರುವ ಡಿಸ್ಕಿನಂತೆ ಕಾಣುತ್ತದೆ.

ನಡುವೆ ಡ್ರೈವರ್ ಏಕೆ ಬೇಕು?

ಸ್ವಂತ ಕ್ಲೌಡ್ ಕಟ್ಟಿಕೊಳ್ಳುವ ಸಂಸ್ಥೆಗಳಲ್ಲಿ ಹಲವು ಬಳಸುವ ಮುಕ್ತ ತಂತ್ರಾಂಶ ಓಪನ್‌ಸ್ಟ್ಯಾಕ್. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಮತ್ತು ರ್‍ಯಾಕ್‌ಸ್ಪೇಸ್ ಕಂಪನಿ 2010ರಲ್ಲಿ ಇದನ್ನು ಆರಂಭಿಸಿದವು. ಇದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಭಾಗದ ಹೆಸರು ನೋವಾ. ಬ್ಲಾಕ್ ಸ್ಟೋರೇಜ್ ಕೆಲಸ ಮೊದಲು ನೋವಾದೊಳಗೇ ಇತ್ತು. 2012ರಲ್ಲಿ ಅದನ್ನು ಬೇರ್ಪಡಿಸಿ ಸಿಂಡರ್ ಎಂಬ ಪ್ರತ್ಯೇಕ ಭಾಗ ಮಾಡಲಾಯಿತು.

ಸಿಂಡರ್‌ನೊಳಗೆ ಮುಖ್ಯವಾಗಿ ಮೂರು ಕೆಲಸಗಾರರು. ಕೋರಿಕೆ ಸ್ವೀಕರಿಸುವವ ಒಬ್ಬ, ಯಾವ ಅರೇಗೆ ಕಳಿಸಬೇಕೆಂದು ತೀರ್ಮಾನಿಸುವ ಶೆಡ್ಯೂಲರ್ ಇನ್ನೊಬ್ಬ, ಅರೇ ಜೊತೆ ಮಾತಾಡಿ ಕೆಲಸ ಮುಗಿಸುವ ವಾಲ್ಯೂಮ್ ಸೇವೆ ಮೂರನೆಯವ.

ತೊಡಕು ಇರುವುದು ಈ ಮೂರನೆಯ ಹಂತದಲ್ಲಿ. ಅರೇ ತಯಾರಿಸುವ ಕಂಪನಿಗಳು ಹಲವು. ನೆಟ್‌ಆ್ಯಪ್, ಡೆಲ್, ಎಚ್‌ಪಿಇ, ಐಬಿಎಂ ಮೊದಲಾದವುಗಳ ತಂತ್ರಾಂಶ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. 'ನೂರು ಗಿಗಾಬೈಟ್‌ನ ಒಂದು ಪಾಲು ಕೊಡು' ಎಂಬ ಮಾತನ್ನು ಒಂದೊಂದು ಕಂಪನಿಯ ಪೆಟ್ಟಿಗೆಗೂ ಒಂದೊಂದು ರೀತಿ ಹೇಳಬೇಕು. ತಾಂಡಾದಲ್ಲಿ ಲಂಬಾಣಿ ಮಾತಾಡುವವರು ಸಂತೆಗೆ ಬಂದಾಗ ಕನ್ನಡದಲ್ಲಿ ವ್ಯವಹರಿಸುತ್ತಾರಲ್ಲ, ಹಾಗೆ ಎರಡೂ ಕಡೆಯ ಮಾತು ಬಲ್ಲ ಒಬ್ಬರು ನಡುವೆ ಬೇಕು. ಆ ದುಭಾಷಿಯೇ ಡ್ರೈವರ್.

ಡ್ರೈವರ್ ಕಲಿತಿರಬೇಕಾದ ಮಾತುಗಳು ಬೆರಳೆಣಿಕೆಯವು: ವಾಲ್ಯೂಮ್ ಸೃಷ್ಟಿಸು, ಅಳಿಸು, ಹಿಗ್ಗಿಸು, ಈ ಕ್ಷಣದ ನೋಟವನ್ನು ಸ್ನ್ಯಾಪ್‌ಶಾಟ್ ಆಗಿ ಹಿಡಿದಿಡು, ಇಂಥ ಕಂಪ್ಯೂಟರಿಗೆ ಜೋಡಿಸು, ಬಿಡಿಸು, ಎಷ್ಟು ಜಾಗ ಉಳಿದಿದೆ ಹೇಳು. ಇವನ್ನು ನಿಜವಾದ ಪೆಟ್ಟಿಗೆಯ ಮೇಲೆ ನಿರಂತರ ಪರೀಕ್ಷಿಸಿ ಫಲಿತಾಂಶ ತೋರಿಸುವುದು ಡ್ರೈವರ್ ಬರೆದವರ ಹೊಣೆ. ಅದನ್ನು ನಿಲ್ಲಿಸಿದ ಡ್ರೈವರಿಗೆ ಸಿಂಡರ್ ಸಮುದಾಯ 'ಬೆಂಬಲವಿಲ್ಲ' ಎಂಬ ಗುರುತು ಹಾಕುತ್ತದೆ. ಆಮೇಲೂ ಅದನ್ನು ಬಳಸಬೇಕೆಂದರೆ ನಿರ್ವಾಹಕರು ಬೇಕೆಂದೇ ಒಂದು ಸಾಲು ಬರೆದು ಒಪ್ಪಿಗೆ ಕೊಡಬೇಕು. ಅರೇ ಕೊಳ್ಳುವ ಮೊದಲೇ ಅದರ ಡ್ರೈವರಿನ ಸ್ಥಿತಿ ನೋಡಿಕೊಳ್ಳಬೇಕು ಎನ್ನುವುದು ಇದಕ್ಕೇ.

ಕಡತದಲ್ಲಿ ಏನು ಬರೆಯಬೇಕು?

ಸಿಂಡರ್‌ನ ಸೆಟ್ಟಿಂಗುಗಳೆಲ್ಲ 'ಸಿಂಡರ್ ಡಾಟ್ ಕಾನ್ಫ್' ಎಂಬ ಕಡತದಲ್ಲಿರುತ್ತವೆ. ಅಲ್ಲಿ ಹೆಸರುಗಳು ರೋಮನ್ ಅಕ್ಷರಗಳಲ್ಲಿರುತ್ತವೆ. ಓದಿಗೆ ಅನುಕೂಲವಾಗಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ. ಹೊಸ ಅರೇ ಸೇರಿಸುವಾಗ ಬೇಕಾಗುವ ಮುಖ್ಯ ಸಾಲುಗಳು ಇವು:

- ಎನೇಬಲ್ಡ್ ಬ್ಯಾಕೆಂಡ್ಸ್: ಯಾವ ಯಾವ ಅರೇಗಳು ಬಳಕೆಯಲ್ಲಿವೆ ಎಂಬ ಪಟ್ಟಿ. ಇದರಲ್ಲಿರುವ ಪ್ರತಿ ಹೆಸರಿಗೂ ಕಡತದಲ್ಲಿ ಅದೇ ಹೆಸರಿನ ಒಂದು ವಿಭಾಗ ಇರಬೇಕು.
- ವಾಲ್ಯೂಮ್ ಡ್ರೈವರ್: ಆ ಅರೇಗೆ ತಕ್ಕ ದುಭಾಷಿ ಯಾರು ಎನ್ನುವ ಸಾಲು. ಡ್ರೈವರುಗಳು ಪೈಥಾನ್ ಭಾಷೆಯಲ್ಲಿರುವುದರಿಂದ ಅದರ ಪೂರ್ಣ ವಿಳಾಸವನ್ನು ಇಲ್ಲಿ ಬರೆಯುತ್ತಾರೆ.
- ವಾಲ್ಯೂಮ್ ಬ್ಯಾಕೆಂಡ್ ನೇಮ್: ಶೆಡ್ಯೂಲರ್ ಈ ಅರೇಯನ್ನು ಗುರುತಿಸುವ ಹೆಸರು.
- ಸ್ಯಾನ್ ಐಪಿ, ಸ್ಯಾನ್ ಲಾಗಿನ್, ಸ್ಯಾನ್ ಪಾಸ್‌ವರ್ಡ್: ಹಲವು ಡ್ರೈವರುಗಳಲ್ಲಿ ಅರೇಯ ಆಡಳಿತ ವಿಳಾಸ ಹಾಗೂ ಪ್ರವೇಶದ ವಿವರ. ಅರೇಯ ಸರ್ವಾಧಿಕಾರಿ ಖಾತೆಯನ್ನು ಇಲ್ಲಿ ಕೊಡಬಾರದು. ವಾಲ್ಯೂಮ್ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದ ಬೇರೆ ಖಾತೆ ತೆರೆಯಬೇಕು. ಪಾಸ್‌ವರ್ಡ್ ಇರುವ ಕಡತವನ್ನು ಇತರರು ಓದದಂತೆ ಬಿಗಿ ಮಾಡಬೇಕು.

ಇಷ್ಟು ಬರೆದು ವಾಲ್ಯೂಮ್ ಸೇವೆಯನ್ನು ಮತ್ತೆ ಆರಂಭಿಸಬೇಕು. ಬಳಕೆದಾರರಿಗೆ ಅರೇಯ ಹೆಸರು ಕಾಣುವುದಿಲ್ಲ. ಅವರು ಆರಿಸುವುದು 'ಚುರುಕು', 'ಸಾಧಾರಣ' ಎಂಬಂಥ ವಾಲ್ಯೂಮ್ ಟೈಪ್‌ಗಳನ್ನು. ಆದ್ದರಿಂದ ಪ್ರತಿ ಟೈಪನ್ನೂ ಸರಿಯಾದ ಬ್ಯಾಕೆಂಡ್ ಹೆಸರಿಗೆ ಜೋಡಿಸಬೇಕು. ಕಡತದಲ್ಲಿ ಒಂದು ಕಾಗುಣಿತ, ಟೈಪ್‌ನಲ್ಲಿ ಇನ್ನೊಂದು ಕಾಗುಣಿತ ಇದ್ದರೆ, ಅರೇ ಖಾಲಿ ಕೂತಿದ್ದರೂ 'ತಕ್ಕ ಬ್ಯಾಕೆಂಡ್ ಸಿಗಲಿಲ್ಲ' ಎಂದು ಹೇಳಿ ಶೆಡ್ಯೂಲರ್ ಕೈಚೆಲ್ಲುತ್ತದೆ.

'ಚಾಲೂ ಇದೆ' ಎಂದರೆ 'ಸರಿಯಾಗಿದೆ' ಎಂದರ್ಥವೇ?

ಖಂಡಿತ ಅಲ್ಲ. ವಾಲ್ಯೂಮ್ ಸೇವೆ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಎಂದು ವರದಿ ಮಾಡುತ್ತದೆ. 60 ಸೆಕೆಂಡು ಸುದ್ದಿಯಿಲ್ಲದಿದ್ದರೆ ಅದನ್ನು 'ಡೌನ್' ಎಂದು ಪರಿಗಣಿಸಲಾಗುತ್ತದೆ. ವರದಿ ಬರುತ್ತಿದೆ ಎಂದರೆ ಸೇವೆ ಬದುಕಿದೆ, ಡ್ರೈವರ್ ಅರೇ ಜೊತೆ ಒಮ್ಮೆ ಮಾತಾಡಿದೆ ಎಂದಷ್ಟೇ ಅರ್ಥ.

ಅರೇಗೆ ಎರಡು ಬೇರೆ ಬೇರೆ ದಾರಿಗಳಿವೆ ಎನ್ನುವುದನ್ನು ಇಲ್ಲಿ ಗಮನಿಸಬೇಕು. ಆಜ್ಞೆ ಹೋಗುವ ದಾರಿ ಒಂದು. 'ವಾಲ್ಯೂಮ್ ಮಾಡು, ಅಳಿಸು' ಎಂದು ಡ್ರೈವರ್ ಹೇಳುವುದು ಇದರಲ್ಲಿ. ನಿಜವಾದ ಮಾಹಿತಿ ಓಡಾಡುವ ದಾರಿ ಇನ್ನೊಂದು. ಇದು ಫೈಬರ್ ಚಾನೆಲ್ ಆಗಿರಬಹುದು, ಇಲ್ಲವೇ ಸಾಮಾನ್ಯ ನೆಟ್‌ವರ್ಕಿನ ಮೇಲೆಯೇ ಡಿಸ್ಕಿನ ಆಜ್ಞೆಗಳನ್ನು ಸಾಗಿಸುವ ಐಸ್ಕಸಿ ಆಗಿರಬಹುದು. ಐಸ್ಕಸಿಗೆ 2004ರಲ್ಲಿ ಅಂತರಜಾಲದ ಮಾನಕ ಪ್ರಕಟವಾಯಿತು. ಇದರ ಅರೇಗಳು ಸಾಮಾನ್ಯವಾಗಿ 3260ನೇ ಪೋರ್ಟಿನಲ್ಲಿ ಕಾಯುತ್ತವೆ.

ಮೊದಲ ದಾರಿ ತೆರೆದಿದ್ದು ಎರಡನೆಯದು ಮುಚ್ಚಿದ್ದರೆ ವಾಲ್ಯೂಮ್ ಚೆನ್ನಾಗಿಯೇ ಸೃಷ್ಟಿಯಾಗುತ್ತದೆ. ಜೋಡಿಸಲು ಹೋದಾಗ ಮಾತ್ರ ವಿಫಲವಾಗುತ್ತದೆ. ಹೊಸ ಅರೇ ಸೇರಿಸಿದವರಿಗೆ ಈ ಲಕ್ಷಣ ಕಂಡರೆ ಪಾಸ್‌ವರ್ಡನ್ನು ಅನುಮಾನಿಸಿ ಫಲವಿಲ್ಲ, ನೆಟ್‌ವರ್ಕನ್ನು ನೋಡಬೇಕು.

ಐಸ್ಕಸಿಯಲ್ಲಿ ಇನ್ನೊಂದು ಅಪಾಯವಿದೆ. ಪ್ರತಿ ಕಂಪ್ಯೂಟರಿಗೂ ಒಂದು ವಿಶಿಷ್ಟ ಹೆಸರು ಇರಬೇಕು, ನಮಗೆ ಮತದಾರರ ಚೀಟಿಯ ಸಂಖ್ಯೆ ಇರುವಂತೆ. ಒಂದು ಕಂಪ್ಯೂಟರನ್ನು ಸಿದ್ಧಪಡಿಸಿ ಉಳಿದವನ್ನು ಅದರ ಪಡಿಯಚ್ಚಾಗಿ ಮಾಡಿದರೆ ಎಲ್ಲಕ್ಕೂ ಒಂದೇ ಹೆಸರು ಬಂದುಬಿಡಬಹುದು. ಆಗ ಅರೇಗೆ ಯಾರು ಯಾರೆಂದು ತಿಳಿಯುವುದಿಲ್ಲ. ಒಬ್ಬರಿಗೆ ತೆರೆದ ಡಿಸ್ಕು ಇನ್ನೊಬ್ಬರಿಗೂ ತೆರೆದಿರುತ್ತದೆ, ಇಬ್ಬರೂ ಒಂದೇ ಕಡೆ ಬರೆದರೆ ಮಾಹಿತಿ ಹಾಳಾಗುತ್ತದೆ.

ಊರು ಅಲ್ಲೇ ಇದೆ, ವಿಳಾಸ ಬದಲಾಗಿದೆ

ಹೊನ್ನಾಳಿ ತಾಲೂಕು 1997ರ ಆಗಸ್ಟ್ 15ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಆಮೇಲೆ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಮುಂದೆ ನ್ಯಾಮತಿ ಪ್ರತ್ಯೇಕ ತಾಲೂಕಾಯಿತು. ಸೂರಗೊಂಡನಕೊಪ್ಪ ಒಂದು ಅಡಿಯೂ ಕದಲಲಿಲ್ಲ, ವಿಳಾಸದ ಮೇಲಿನ ಸಾಲು ಮಾತ್ರ ಬದಲಾಯಿತು. ಆ ಬದಲಾವಣೆಯನ್ನು ಪ್ರತಿ ದಾಖಲೆಯಲ್ಲೂ ತರದೆ ಬಿಟ್ಟಿದ್ದರೆ? ಹಳೆಯ ಕಚೇರಿಗೆ ಹೋದವರಿಗೆ 'ನಿಮ್ಮ ಊರು ಇಲ್ಲಿಲ್ಲ' ಎಂಬ ಉತ್ತರ ಸಿಗುತ್ತಿತ್ತು.

ಸಿಂಡರ್‌ನಲ್ಲೂ ಹೀಗೆ ಆಗುತ್ತದೆ. ಪ್ರತಿ ವಾಲ್ಯೂಮಿನ ಎದುರು ಅದು ಯಾವ ಸರ್ವರ್, ಯಾವ ಬ್ಯಾಕೆಂಡ್, ಯಾವ ಪೂಲ್ ಎಂದು ಮೂರು ಭಾಗದ ವಿಳಾಸ ದಾಖಲಾಗಿರುತ್ತದೆ. ಹೆಸರು ಚೆನ್ನಾಗಿಲ್ಲವೆಂದು ಕಡತದಲ್ಲಿನ ವಿಭಾಗದ ಹೆಸರು ಬದಲಿಸಿದರೆ ಹೊಸ ವಾಲ್ಯೂಮುಗಳು ಹೊಸ ಹೆಸರಿನಲ್ಲಿ ಸರಾಗವಾಗಿ ಆಗುತ್ತವೆ. ಹಳೆಯವುಗಳ ಎದುರು ಮಾತ್ರ ಹಳೆಯ ಹೆಸರೇ ಉಳಿಯುತ್ತದೆ. ಮಾಹಿತಿ ಅರೇಯಲ್ಲಿ ಭದ್ರವಾಗಿದ್ದರೂ ಅದನ್ನು ಹಿಗ್ಗಿಸಲು, ಅಳಿಸಲು ಸಿಂಡರ್‌ಗೆ ಆಗುವುದಿಲ್ಲ, ಏಕೆಂದರೆ ಆ ವಿಳಾಸದಲ್ಲಿ ಈಗ ಯಾರೂ ಇಲ್ಲ. ಹಳೆಯ ವಿಳಾಸಗಳನ್ನು ಹೊಸದಕ್ಕೆ ಬದಲಿಸಲು ಬೇರೆ ಆಜ್ಞೆಯೇ ಇದೆ. ಹೆಸರನ್ನು ಮೊದಲ ದಿನವೇ ಯೋಚಿಸಿ ಇಟ್ಟು, ಆಮೇಲೆ ಮುಟ್ಟದಿರುವುದು ಅದಕ್ಕಿಂತ ಒಳ್ಳೆಯದು.

ಇಲ್ಲದ ಜಾಗವನ್ನು ಹಂಚುವುದು

ಭದ್ರಾ ನಾಲೆಯ ಕೊನೆಭಾಗದ ರೈತರ ಕಷ್ಟ ದಾವಣಗೆರೆ ಜಿಲ್ಲೆಯವರಿಗೆ ಗೊತ್ತು. ಕಾಗದದ ಮೇಲೆ ಅಚ್ಚುಕಟ್ಟು ಪ್ರದೇಶ ದೊಡ್ಡದಿರುತ್ತದೆ. ಮೇಲಿನವರೆಲ್ಲ ಒಟ್ಟಿಗೆ ನೀರು ತಿರುಗಿಸಿಕೊಂಡರೆ ಕೆಳಗಿನವರ ಗದ್ದೆ ತಲುಪುವಷ್ಟು ನೀರು ನಾಲೆಯಲ್ಲಿ ಉಳಿಯುವುದಿಲ್ಲ.

ಸ್ಟೋರೇಜ್‌ನಲ್ಲಿ ಇದಕ್ಕೆ ಥಿನ್ ಪ್ರಾವಿಷನಿಂಗ್, ತೆಳು ಹಂಚಿಕೆ, ಎನ್ನುತ್ತಾರೆ. 1 ಟೆರಾಬೈಟ್ ಕೇಳಿದವರು ಮೊದಲ ದಿನ ಬಳಸುವುದು ಒಂದಿಷ್ಟನ್ನು ಮಾತ್ರ. ಹಾಗಾಗಿ ಅರೇ ಪೂರ್ತಿ ಜಾಗ ತೆಗೆದಿಡದೆ, ಬರೆದಂತೆಲ್ಲ ಕೊಡುತ್ತ ಹೋಗುತ್ತದೆ. ಇದು ಒಳ್ಳೆಯ ಉಪಾಯವೇ. ಡಿಸ್ಕುಗಳು ವ್ಯರ್ಥವಾಗಿ ಕೂರುವುದು ತಪ್ಪುತ್ತದೆ. ಆದರೆ ಎಷ್ಟು ಪಟ್ಟು ಹೆಚ್ಚು ಹಂಚಬಹುದು ಎಂಬ ಮಿತಿಗೆ ಸಿಂಡರ್‌ನಲ್ಲಿ ಮೊದಲೇ ಇರುವ ಸಂಖ್ಯೆ 20. ಇದನ್ನು ಬದಲಿಸದೆ ಬಿಟ್ಟರೆ 100 ಟೆರಾಬೈಟ್‌ನ ಅರೇಯಿಂದ 2,000 ಟೆರಾಬೈಟ್‌ವರೆಗೂ ಹಂಚಲು ಅವಕಾಶವಿರುತ್ತದೆ. ಅಷ್ಟೂ ಹಂಚಿದ್ದರೆ, ಎಲ್ಲರೂ ತಮ್ಮ ಪಾಲಿನ ನೂರಕ್ಕೆ 5ರಷ್ಟು ತುಂಬಿಸಿದ ಕ್ಷಣಕ್ಕೇ ಅರೇ ಪೂರ್ತಿ ತುಂಬಿರುತ್ತದೆ.

ಆಗ ಆಗುವುದೇನು? ಬಳಕೆದಾರರ ಪರದೆಯ ಮೇಲೆ ನೂರಕ್ಕೆ 95 ಭಾಗ ಖಾಲಿ ಎಂದೇ ತೋರಿಸುತ್ತಿರುತ್ತದೆ. ಬರೆಯಲು ಹೋದರೆ ದೋಷ ಬರುತ್ತದೆ. ಕಡತ ವ್ಯವಸ್ಥೆ ತನ್ನನ್ನು ಉಳಿಸಿಕೊಳ್ಳಲು ಓದಲು ಮಾತ್ರ ಎಂಬ ಸ್ಥಿತಿಗೆ ಹೋಗಬಹುದು, ದತ್ತಸಂಚಯ ನಿಂತುಹೋಗಬಹುದು. ಅದೂ ಒಬ್ಬರದ್ದಲ್ಲ, ಆ ಅರೇಯನ್ನು ನಂಬಿದ ಎಲ್ಲರದ್ದೂ ಒಟ್ಟಿಗೆ.

ಪರಿಹಾರ ಕಷ್ಟದ್ದಲ್ಲ. ಪಟ್ಟಿನ ಸಂಖ್ಯೆಯನ್ನು ತಮ್ಮ ಬಳಕೆಗೆ ತಕ್ಕಂತೆ ಇಳಿಸಬೇಕು. ಇಂತಿಷ್ಟು ಜಾಗವನ್ನು ಹೊಸ ಹಂಚಿಕೆಗೆ ಮುಟ್ಟಬಾರದು ಎಂದು ಹೇಳುವ 'ರಿಸರ್ವ್ಡ್ ಪರ್ಸೆಂಟೇಜ್' ಎಂಬ ಸಾಲಿನ ಮೂಲ ಬೆಲೆ ಸೊನ್ನೆ. ಅಲ್ಲೊಂದು ಸಂಖ್ಯೆ ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಂಚಿದ್ದೆಷ್ಟು ಎನ್ನುವುದರ ಜೊತೆಗೆ ನಿಜವಾಗಿ ತುಂಬಿದ್ದೆಷ್ಟು ಎನ್ನುವುದನ್ನು ಗಮನಿಸಿ, ತುಂಬುವ ಮೊದಲೇ ಎಚ್ಚರಿಸುವ ಏರ್ಪಾಡು ಇರಬೇಕು.

ಎರಡು ದಾರಿ ಇದ್ದೂ ಒಂದರಲ್ಲೇ ನಡೆದರೆ

ಅರೇಯಲ್ಲಿ ಎರಡು ನಿಯಂತ್ರಕಗಳಿರುವುದು ಒಂದು ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸಲಿ ಎಂದು. ಅದಕ್ಕಾಗಿ ಸಂಸ್ಥೆಗಳು ಹೆಚ್ಚು ಹಣ ಕೊಟ್ಟಿರುತ್ತವೆ. ಆದರೆ ಎರಡೂ ದಾರಿಗಳನ್ನು ಬಳಸಬೇಕೆಂದು ಕಂಪ್ಯೂಟರಿಗೂ ಹೇಳಬೇಕು. ಈ ಸೌಲಭ್ಯದ ಹೆಸರು ಮಲ್ಟಿಪಾತ್. ನೋವಾದಲ್ಲಿ ಇದಕ್ಕಿರುವ ಸಾಲು ಮೊದಲಿಗೆ ಆಫ್ ಆಗಿಯೇ ಇರುತ್ತದೆ. ಯಾರೂ ಅದನ್ನು ಆನ್ ಮಾಡದಿದ್ದರೆ ಎಲ್ಲ ಡಿಸ್ಕುಗಳೂ ಒಂದೊಂದೇ ದಾರಿಯಲ್ಲಿ ಜೋಡಣೆಯಾಗುತ್ತವೆ.

ದಿನನಿತ್ಯದ ಕೆಲಸದಲ್ಲಿ ಇದು ಗೊತ್ತೇ ಆಗುವುದಿಲ್ಲ. ಒಂದು ನಿಯಂತ್ರಕ ಕೆಟ್ಟ ದಿನ, ಅಥವಾ ಅದರ ತಂತ್ರಾಂಶ ನವೀಕರಿಸಲು ಮತ್ತೆ ಆರಂಭಿಸಿದ ದಿನ, ಆ ದಾರಿಯಲ್ಲಿದ್ದವರೆಲ್ಲ ನಿಂತುಬಿಡುತ್ತಾರೆ. ಸೆಟ್ಟಿಂಗ್ ಬದಲಿಸಿದರೂ ಮೊದಲೇ ಜೋಡಣೆಯಾಗಿರುವ ಡಿಸ್ಕುಗಳಿಗೆ ಅದು ತಾನಾಗಿ ಅನ್ವಯವಾಗದು, ಮತ್ತೆ ಜೋಡಿಸಬೇಕಾಗುತ್ತದೆ. ಆದ್ದರಿಂದ ಇದನ್ನು ಮೊದಲ ಬಳಕೆದಾರ ಬರುವ ಮುನ್ನವೇ ಮುಗಿಸಬೇಕು.

ಬಿಡಿಸುವುದೂ ಜೋಡಿಸುವಷ್ಟೇ ಮುಖ್ಯ

2023ರ ಮೇ ತಿಂಗಳಲ್ಲಿ ಓಪನ್‌ಸ್ಟ್ಯಾಕ್‌ನ ಒಂದು ಭದ್ರತಾ ಲೋಪ ಬಹಿರಂಗವಾಯಿತು. ಸಿವಿಇ-2023-2088 ಎಂಬುದು ಅದರ ಕ್ರಮಸಂಖ್ಯೆ. ಅದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ.

ಡಿಸ್ಕನ್ನು ಬಿಡಿಸುವಾಗ ಎರಡು ಕಡೆ ಕೆಲಸ ಆಗಬೇಕು. ಅರೇ ತನ್ನ ಬಾಗಿಲು ಮುಚ್ಚಬೇಕು, ಕಂಪ್ಯೂಟರ್ ತನ್ನ ಕಡೆ ಆ ಡಿಸ್ಕಿನ ಗುರುತು ಅಳಿಸಬೇಕು. ನೋವಾದ ಮೂಲಕ ಕೇಳಿದರೆ ಎರಡೂ ಕ್ರಮವಾಗಿ ಆಗುತ್ತವೆ. ಆದರೆ ಬಳಕೆದಾರನೊಬ್ಬ ನೋವಾವನ್ನು ಬದಿಗಿಟ್ಟು ನೇರವಾಗಿ ಸಿಂಡರ್‌ಗೆ 'ಈ ಜೋಡಣೆ ಅಳಿಸು' ಎಂದರೆ ಅರೇ ಬಾಗಿಲು ಮುಚ್ಚುತ್ತಿತ್ತು, ಕಂಪ್ಯೂಟರಿನಲ್ಲಿ ಹಳೆಯ ಗುರುತು ಉಳಿಯುತ್ತಿತ್ತು. ಐಸ್ಕಸಿ, ಫೈಬರ್ ಚಾನೆಲ್‌ಗಳಲ್ಲಿ ಅರೇ ಅದೇ ಸಂಖ್ಯೆಯನ್ನು ಮುಂದೆ ಬೇರೆಯವರ ವಾಲ್ಯೂಮಿಗೆ ಕೊಡಬಹುದು. ಆಗ ಹಳೆಯ ಗುರುತು ಹಿಡಿದವನಿಗೆ ಹೊಸಬರ ಮಾಹಿತಿ ತೆರೆದುಕೊಳ್ಳುತ್ತದೆ. ಖಾಲಿ ಮಾಡಿದ ಬಾಡಿಗೆ ಮನೆಯ ಕೀಲಿ ಹಳಬರ ಬಳಿಯೇ ಉಳಿದಂತೆ.

ಪರಿಹಾರ ಬಂದದ್ದು ತಂತ್ರಾಂಶದ ತೇಪೆಯಾಗಿ ಮಾತ್ರವಲ್ಲ. ಬಳಕೆಯಲ್ಲಿರುವ ಜೋಡಣೆಯನ್ನು ಅಳಿಸಲು ಬಂದ ಕೋರಿಕೆ ನಿಜವಾಗಿ ನೋವಾದಿಂದಲೇ ಬಂದದ್ದು ಎಂದು ತೋರಿಸುವ 'ಸರ್ವಿಸ್ ಟೋಕನ್' ಎಂಬ ಗುರುತುಚೀಟಿಯ ಏರ್ಪಾಡನ್ನು ಎರಡೂ ಕಡೆ ಸೆಟ್ಟಿಂಗಿನಲ್ಲಿ ಬರೆಯಬೇಕಾಯಿತು. ಅದನ್ನು ಬರೆಯದೆ ತೇಪೆ ಮಾತ್ರ ಹಾಕಿದರೆ ನ್ಯಾಯವಾದ ಕೋರಿಕೆಗಳೂ ತಿರಸ್ಕೃತವಾಗುತ್ತವೆ. ಇನ್ನೊಬ್ಬರ ಮಾಹಿತಿಯ ಗುಟ್ಟು ಕಡತದ ಕೆಲವು ಸಾಲುಗಳ ಮೇಲೆ ನಿಂತಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಮೂರು ತಪ್ಪು ಕಲ್ಪನೆಗಳು

*ರೇಡ್ ಇದ್ದರೆ ಬ್ಯಾಕಪ್ ಬೇಡ.* ರೇಡ್ ಕಾಪಾಡುವುದು ಡಿಸ್ಕು ಕೆಟ್ಟಾಗ. ಯಾರೋ ಕೈತಪ್ಪಿ ಒಂದು ದಾಖಲೆ ಅಳಿಸಿದರೆ ರೇಡ್ ಆ ಅಳಿಸುವಿಕೆಯನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕುಗಳಿಗೂ ಬರೆಯುತ್ತದೆ.

*ಸ್ನ್ಯಾಪ್‌ಶಾಟ್ ಇದ್ದರೆ ಸಾಕು.* ಸ್ನ್ಯಾಪ್‌ಶಾಟ್ ಸಾಮಾನ್ಯವಾಗಿ ಅದೇ ಅರೇಯಲ್ಲೇ ಇರುತ್ತದೆ. ಕೈತಪ್ಪಿಗೆ ಅದು ಮದ್ದು. ಅರೇಗೇ ಬೆಂಕಿ ಬಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ಸಿಂಡರ್‌ನಲ್ಲಿ ಬ್ಯಾಕಪ್‌ಗೆಂದು ಪ್ರತ್ಯೇಕ ಸೇವೆ ಇರುವುದು ಪ್ರತಿಯನ್ನು ಬೇರೆ ಕಡೆಗೆ ಒಯ್ಯಲಿಕ್ಕಾಗಿ.

*ಸರ್ಕಾರದ ಕ್ಲೌಡ್, ದೊಡ್ಡ ಕಂಪನಿಯ ಕ್ಲೌಡ್ ಎಂದರೆ ಬೇರೆಯದೇ ವಸ್ತು.* ಕೇಂದ್ರ ಸರ್ಕಾರದ 'ಮೇಘರಾಜ್' ಯೋಜನೆಯಡಿ ರಾಷ್ಟ್ರೀಯ ಮಾಹಿತಿ ಕೇಂದ್ರ 2014ರಲ್ಲಿ ರಾಷ್ಟ್ರೀಯ ಕ್ಲೌಡ್ ಆರಂಭಿಸಿತು. ಹೆಸರಿನಲ್ಲಿ ಮೇಘವಿದ್ದರೂ ಯಾವುದೇ ಕ್ಲೌಡ್ ನಿಂತಿರುವುದು ನೆಲದ ಮೇಲೆಯೇ. ತಂತ್ರಾಂಶದ ಹೆಸರು ಬೇರೆಯಾಗಬಹುದು. ಡಿಸ್ಕು, ದಾರಿ, ಹಂಚಿಕೆ, ಪ್ರತಿ ಎಂಬ ನಾಲ್ಕು ಪ್ರಶ್ನೆಗಳು ಎಲ್ಲ ಕಡೆಯೂ ಇವೆ.

ಸೆಟ್ಟಿಂಗ್ ಮುಗಿದ ಮೇಲೆ ಮಾಡಬೇಕಾದ ಪರೀಕ್ಷೆ

ಹೊಸ ಅರೇಯನ್ನು ಬಳಕೆಗೆ ಬಿಡುವ ಮುನ್ನ ಒಂದು ದಿನ ಮೀಸಲಿಟ್ಟು ಈ ಕ್ರಮದಲ್ಲಿ ನೋಡಿದರೆ ಮೇಲೆ ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಆಗಲೇ ಸಿಕ್ಕಿಬೀಳುತ್ತವೆ:

1. 1 ಗಿಗಾಬೈಟ್‌ನ ವಾಲ್ಯೂಮ್ ಮಾಡಿ. ಅದು ಉದ್ದೇಶಿಸಿದ ಅರೇಯಲ್ಲೇ ಆಗಿದೆಯೇ ಎಂದು ಅರೇಯ ಪರದೆಯಲ್ಲೂ ನೋಡಿ.
2. ಅದನ್ನು ಒಂದು ಕಂಪ್ಯೂಟರಿಗೆ ಜೋಡಿಸಿ, ಒಂದು ಕಡತ ಬರೆಯಿರಿ. ಎಷ್ಟು ದಾರಿಗಳು ಕಾಣುತ್ತಿವೆ ಎಣಿಸಿ.
3. ಬರೆಯುತ್ತಿರುವಾಗಲೇ ಒಂದು ದಾರಿಯ ಕೇಬಲ್ ಕಿತ್ತು ನೋಡಿ. ಬರವಣಿಗೆ ಮುಂದುವರಿಯಬೇಕು.
4. ಬಿಡಿಸಿ, ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ. ಬರೆದ ಕಡತ ಹಾಗೆಯೇ ಇರಬೇಕು. ಮೊದಲ ಕಂಪ್ಯೂಟರಿನಲ್ಲಿ ಹಳೆಯ ಗುರುತು ಉಳಿದಿರಬಾರದು.
5. ಬ್ಯಾಕಪ್ ತೆಗೆದು, ಮೂಲ ವಾಲ್ಯೂಮ್ ಅಳಿಸಿ, ಬ್ಯಾಕಪ್‌ನಿಂದ ಮರಳಿ ಪಡೆಯಿರಿ. ಮರಳಿ ಪಡೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.
6. ಅರೇಯಲ್ಲಿ ಜಾಗ ಕಡಿಮೆಯಾದಾಗ ಎಚ್ಚರಿಕೆ ಯಾರಿಗೆ ಹೋಗುತ್ತದೆ ಎಂದು ಕೇಳಿ. 'ಯಾರಿಗೂ ಇಲ್ಲ' ಎಂಬ ಉತ್ತರ ಬಂದರೆ ಕೆಲಸ ಮುಗಿದಿಲ್ಲ.

ಇವನ್ನೆಲ್ಲ ಮಾಡುವುದು ನಿರ್ವಾಹಕರ ಕೆಲಸ, ನಮಗೇಕೆ ಎನಿಸಬಹುದು. ಆದರೆ ಸಹಕಾರ ಸಂಘದ ಲೆಕ್ಕ, ಶಾಲೆಯ ದಾಖಲಾತಿ, ಆಸ್ಪತ್ರೆಯ ವರದಿ ಇವೆಲ್ಲ ಒಂದೊಂದಾಗಿ ಕ್ಲೌಡ್ ಸೇರುತ್ತಿರುವ ಕಾಲ ಇದು. ಇಂಥ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ನೀವಿದ್ದರೆ ಸೇವೆ ಕೊಡುವವರನ್ನು ನಾಲ್ಕು ಪ್ರಶ್ನೆ ಕೇಳಲು ಕಂಪ್ಯೂಟರ್ ಪದವಿ ಬೇಕಿಲ್ಲ: ನಮ್ಮ ಮಾಹಿತಿಯ ಪ್ರತಿ ಬೇರೆ ಊರಿನಲ್ಲಿದೆಯೇ? ಅದನ್ನು ಕೊನೆಯ ಸಲ ಮರಳಿ ಪಡೆದು ನೋಡಿದ್ದು ಯಾವಾಗ? ಇರುವ ಜಾಗಕ್ಕಿಂತ ಎಷ್ಟು ಪಟ್ಟು ಹೆಚ್ಚು ಹಂಚಿದ್ದೀರಿ? ನಾವು ಬಿಟ್ಟುಹೋದರೆ ನಮ್ಮ ಡಿಸ್ಕಿನಲ್ಲಿದ್ದದ್ದು ಏನಾಗುತ್ತದೆ?

ಈ ನಾಲ್ಕಕ್ಕೂ ನೇರ ಉತ್ತರ ಕೊಡುವವರ ಬಳಿ ನಿಮ್ಮ ಮಾಹಿತಿ ಇದ್ದರೆ 'ಎಲ್ಲೂ ಹೋಗಲ್ಲ ಬಿಡಿ' ಎಂಬ ಮಾತಿಗೆ ಒಂದಿಷ್ಟು ಆಧಾರವಿದೆ. 'ಕ್ಲೌಡ್‌ನಲ್ಲಿದೆಯಲ್ಲ' ಎಂಬುದಷ್ಟೇ ಉತ್ತರವಾದರೆ ಇನ್ನೊಂದು ಪ್ರತಿಯನ್ನು ನೀವೇ ಎಲ್ಲಾದರೂ ಇಟ್ಟುಕೊಳ್ಳುವುದು ಕ್ಷೇಮ.